ಬೀದಿಯ ದುಡ್ಡು ಬೀದಿಗೇ ಬರುವುದಾದರೆ ಕೊಡೋಣ

ಪೇಟೆ ಬೀದಿಯ ಅಂಗಡಿಯವರು ತಮ್ಮ ಮುಂದಿನ ಮೋರಿಗೆ ತಾವೇ ಚಪ್ಪಡಿ ಹಾಸಿಕೊಳ್ಳುತ್ತಾರೆ. ಈ ಮಾತು ಕೋಲಾರದ ದೊಡ್ಡಪೇಟೆಗೂ ಸಲ್ಲುತ್ತದೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಕ್ಕೂ ಸಲ್ಲುತ್ತದೆ. ಒಬ್ಬರು ಕಡಪ ಕಲ್ಲು ಹಾಕಿಸಿದರೆ ಪಕ್ಕದವರು ಸಿಮೆಂಟ್ ಸ್ಲ್ಯಾಬ್ ಹಾಕಿಸುತ್ತಾರೆ. ಮೂರನೆಯವರು ಹಳೇ ಕಬ್ಬಿಣದ ತಗಡು ಎಳೆದು ಮುಚ್ಚುತ್ತಾರೆ. ನಾಲ್ಕನೆಯವರು 'ನೋಡೋಣ' ಅಂತ ಹಾಗೇ ಬಿಡುತ್ತಾರೆ. ಮಳೆ ಬಂದ ಸಾಯಂಕಾಲ ಬಸ್ಸಿಗೆ ಓಡುವ ಹೆಣ್ಣುಮಗಳ ಕಾಲು ಆ ನಾಲ್ಕನೆಯವರ ಮುಂದೆಯೇ ಇಳಿಯುತ್ತದೆ.

ಮೂರು ಜನರ ಜೇಬಿನಿಂದ ದುಡ್ಡು ಹೋಗಿದೆ, ಬೀದಿಗೆ ಮಾತ್ರ ಮೋರಿ ಬಂದಿಲ್ಲ. ಕಚೇರಿಯಲ್ಲಿ ಕೇಳಿದರೆ "ಅನುದಾನ ಬಂದಿಲ್ಲ ಸಾರ್" ಅನ್ನುತ್ತಾರೆ. ನಮ್ಮ ಪುರಪಿತೃಗಳನ್ನು ಕೇಳಿದರೆ "ಆಕ್ಷನ್ ಪ್ಲಾನಿಗೆ ಸೇರಿಸಿದೀವಿ ಅಣ್ಣಾ, ಆಗ್ತದೆ" ಅನ್ನುತ್ತಾರೆ. ಆಗ್ತದೆ ಅನ್ನುವ ಪದಕ್ಕೆ ತಾರೀಖು ಇರುವುದಿಲ್ಲ ಎಂಬುದು ಓದುಗ ಮಹಾಶಯರಿಗೆ ತಿಳಿದದ್ದೇ.

ಹೀಗಿರುವಾಗ ಒಂದು ಯೋಚನೆ. ಬೀದಿಯವರೆಲ್ಲ ಕಟ್ಟಡದ ಅಳತೆ ಪ್ರಕಾರ ಇಷ್ಟಿಷ್ಟು ಅಂತ ಹೆಚ್ಚುವರಿ ಹಣ ಕೊಟ್ಟು, ಆ ಹಣ ಆ ಬೀದಿಯ ಮೋರಿ, ದೀಪ, ಶೌಚಾಲಯಕ್ಕೆ ಬಿಟ್ಟು ಬೇರೆಲ್ಲೂ ಖರ್ಚಾಗದ ಹಾಗೆ ಕಾನೂನು ಮಾಡಿಬಿಟ್ಟರೆ? ಪರದೇಶಗಳಲ್ಲಿ ಇದು ಹೊಸದಲ್ಲ. ನಮ್ಮ ಭಾಷೆಯಲ್ಲಿ ಬೇಕಾದರೆ ವಿಶೇಷ ಸುಧಾರಣಾ ವಲಯ ಅನ್ನಬಹುದು. ಊರಿಗೆಲ್ಲ ಒಂದೇ ತೆರಿಗೆ ಅನ್ನುವುದರ ಮೇಲೆ, ಲಾಭ ಸಿಗುವ ಜಾಗಕ್ಕೆ ಒಂದು ಗೆರೆ ಎಳೆದು ಆ ಗೆರೆಯೊಳಗಿನವರಿಂದ ಮಾತ್ರ ವಸೂಲು ಮಾಡುವುದು, ಗೆರೆಯೊಳಗೇ ಖರ್ಚು ಮಾಡುವುದು.

ಈ ಅಂಕಣದ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕೊಡಬಹುದು. ಆದರೆ ಅದರಲ್ಲಿ ಒಂದು ಕಾಸೂ ಸಾಮಾನ್ಯ ಖಜಾನೆಗೆ ಹೋಗಬಾರದು. ಹೋಗುವುದಾದರೆ ಕೊಡಬೇಡಿ.

"ಇದೇನು ಸ್ವಾಮಿ, ಇನ್ನೊಂದು ಹೊಸ ತೆರಿಗೆಗೆ ನೀವೇ ದಾರಿ ಮಾಡಿಕೊಡ್ತೀರಾ?" ಅಂತ ಕೆಲವರು ಬೈಯಬಹುದು. ಬೈಯುವ ಮುಂಚೆ ಕೆರೆ ಕಡೆ ಒಂದು ಸಲ ನೋಡಿ. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಜಿಲ್ಲೆಯನ್ನು ಸಾವಿರಾರು ಕೆರೆ ಸಾಕಿದವು. ಆ ಕೆರೆಗಳನ್ನು ಯಾರು ಸಾಕಿದರು? ಪ್ರತಿ ಕೆರೆಗೂ ಒಂದು ಅಚ್ಚುಕಟ್ಟು. ತೂಬಿನ ನೀರು ಯಾವ ಗದ್ದೆಗೆ ಹೋಗುತ್ತದೋ ಆ ಗದ್ದೆಯವರು ನೀರಗಂಟಿಗೆ ಕಣದಲ್ಲಿ ಕಾಳು ಅಳೆದು ಕೊಡುತ್ತಿದ್ದರು, ಕಾಲುವೆ ಹೂಳೆತ್ತಲು ಆಳು ಕಳಿಸುತ್ತಿದ್ದರು. ನೀರು ಬಾರದ ಹೊಲದವನನ್ನು ಕೇಳುತ್ತಿರಲಿಲ್ಲ. ಅದಕ್ಕೂ ಹಿಂದೆ ಕೆರೆ ಕಟ್ಟಿಸಿದವರಿಗೆ, ಒಡೆದ ಏರಿ ಸರಿ ಮಾಡಿಸಿದವರಿಗೆ ಆ ಕೆರೆಯ ಕೆಳಗಿನ ಜಮೀನಿನಲ್ಲೇ ಪಾಲು ಬಿಟ್ಟುಕೊಡುತ್ತಿದ್ದರು. ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ನಮ್ಮ ಜಿಲ್ಲೆಯ ಕಲ್ಲುಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯ ಆದಾಯ ಕೆರೆಗೆ ಅನ್ನುವುದು ಇಲ್ಲಿನ ನೆಲದ ಲೆಕ್ಕಾಚಾರ. ಅಮೆರಿಕದವರು ಕಂಡುಹಿಡಿದದ್ದೇನಲ್ಲ.

ಕೆರೆ ಸರ್ಕಾರದ್ದಾಯಿತು, ನೀರಗಂಟಿಯ ಕಾಳು ನಿಂತಿತು, ಹೂಳು ತುಂಬಿತು. ಆ ಕಥೆ ಎಲ್ಲರಿಗೂ ಗೊತ್ತು. ಪೇಟೆಯ ಕಥೆ ಅಷ್ಟು ಗೊತ್ತಿಲ್ಲ.

ಪೇಟೆಗೂ ಒಂದು ಕಾಲಕ್ಕೆ ಸ್ವಂತ ದುಡ್ಡಿತ್ತು. ಊರೊಳಗೆ ಬರುವ ಗಾಡಿಯನ್ನು ಸುಂಕದ ಕಟ್ಟೆಯಲ್ಲಿ ನಿಲ್ಲಿಸಿ ಆಕ್ಟ್ರಾಯ್ ವಸೂಲು ಮಾಡುತ್ತಿದ್ದದ್ದು ಹಿರಿಯ ವರ್ತಕರಿಗೆ ನೆನಪಿರಬೇಕು. ಅದರಲ್ಲಿ ಕಿರುಕುಳ ಬಹಳ ಇತ್ತು, ಚೀಟಿಗೊಂದು ದರ, ಚೀಟಿ ಇಲ್ಲದ್ದಕ್ಕೆ ಇನ್ನೊಂದು ದರ. 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾದಾಗ ವರ್ತಕರು ಉಸಿರು ಬಿಟ್ಟರು. ಆದರೆ ಅದರ ಬದಲಿಗೆ ಬಂದ ಪ್ರವೇಶ ತೆರಿಗೆ ಹೋದದ್ದು ಬೆಂಗಳೂರಿಗೆ. ಅಲ್ಲಿಂದ ಪರಿಹಾರ ಅಂತ ಊರಿಗೆ ಬರಬೇಕು. 2017ರಲ್ಲಿ ಆ ಪ್ರವೇಶ ತೆರಿಗೆಯೂ ಜಿಎಸ್‌ಟಿಯೊಳಗೆ ಮುಳುಗಿತು. ಈಗ ಊರಿನ ಕೈಲಿ ಉಳಿದದ್ದು ಆಸ್ತಿ ತೆರಿಗೆ, ನೀರಿನ ಬಿಲ್ಲು, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ, ಸಂತೆಯ ಹರಾಜು. ಮಿಕ್ಕದ್ದಕ್ಕೆಲ್ಲ ಹಣಕಾಸು ಆಯೋಗ, ನಗರೋತ್ಥಾನ ಅಂತ ಮೇಲಕ್ಕೆ ಮುಖ ಮಾಡಿ ಕೂರಬೇಕು. ಮೇಲಿನವರು ಕೊಟ್ಟಾಗ ಅವರು ಹೇಳಿದ ಕೆಲಸ ಆಗುತ್ತದೆ. ನಿಮಗೆ ಮೋರಿ ಬೇಕಾಗಿರುತ್ತದೆ, ಬರುವುದು ಹೈಮಾಸ್ಟ್ ದೀಪ.

ಆಸ್ತಿ ತೆರಿಗೆ ರಸೀದಿಯನ್ನು ಯಾವತ್ತಾದರೂ ಕೂತು ಓದಿದ್ದೀರಾ? ತೆರಿಗೆ ನೂರು ರೂಪಾಯಿ ಆದರೆ ಅದರ ಮೇಲೆ ಆರೋಗ್ಯ ಉಪಕರ 15, ಗ್ರಂಥಾಲಯ ಉಪಕರ 6, ಭಿಕ್ಷುಕರ ಉಪಕರ 3. ಒಟ್ಟು 24 ರೂಪಾಯಿ, ಇಂಥದ್ದಕ್ಕೇ ಅಂತ ಹೆಸರು ಹೇಳಿ ತೆಗೆದುಕೊಂಡದ್ದು. ಹೆಸರು ಹೇಳಿ ತೆಗೆದುಕೊಂಡ ದುಡ್ಡು ಹೆಸರಿನ ಮನೆಗೇ ಹೋಗುತ್ತದೆಯೇ? ಬೆಂಗಳೂರು ಮಹಾನಗರ ಪಾಲಿಕೆ ಗ್ರಂಥಾಲಯ ಉಪಕರವನ್ನು ಜನರಿಂದ ವಸೂಲು ಮಾಡಿಯೂ ಗ್ರಂಥಾಲಯ ಇಲಾಖೆಗೆ ನೂರಾರು ಕೋಟಿ ಬಾಕಿ ಇಟ್ಟುಕೊಂಡದ್ದು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಬಂದ ಸುದ್ದಿ. ಓದುವವನ ಆರು ಪೈಸೆ ಯಾವುದೋ ಕಾಂಟ್ರಾಕ್ಟರ ಬಿಲ್ಲಿಗೆ ಹೋಯಿತು. ಅದಕ್ಕೇ ನಾವು ಖಜಾನೆ ಬೇರೆ ಇರಲಿ ಅನ್ನುತ್ತಿರುವುದು. ರಸೀದಿಯಲ್ಲಿ ಹೆಸರು ಬೇರೆ ಇದ್ದ ಮಾತ್ರಕ್ಕೆ ಪೆಟ್ಟಿಗೆ ಬೇರೆ ಆಗುವುದಿಲ್ಲ.

ಈಗ ಹೊರಗಿನದೊಂದು ಉದಾಹರಣೆ. ಕೆನಡಾದ ಟೊರಾಂಟೊ ನಗರದಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಒಂದು ಅಂಗಡಿ ಬೀದಿ. 1960ರ ದಶಕದ ಕೊನೆಯಲ್ಲಿ ನೆಲದಡಿಯ ರೈಲು ಅಲ್ಲಿಗೆ ಬಂತು, ರಸ್ತೆಯ ಮೇಲೆ ಓಡಾಡುತ್ತಿದ್ದ ಗಿರಾಕಿ ನೆಲದೊಳಗೆ ಇಳಿದುಬಿಟ್ಟ. ಸಾಲದ್ದಕ್ಕೆ ಊರಾಚೆ ದೊಡ್ಡ ದೊಡ್ಡ ಮಾಲುಗಳು. ಬೀದಿಯ ವರ್ತಕರು ಸಂಘ ಕಟ್ಟಿ ವಂತಿಗೆ ಎತ್ತಿದರು. ಆಗ ಅವರಿಗೂ ನಮ್ಮ ನಾಲ್ಕನೇ ಅಂಗಡಿಯವನೇ ಎದುರಾದ. ಮೂವರು ಕೊಟ್ಟರೆ ದೀಪ ನಾಲ್ವರಿಗೂ ಉರಿಯುತ್ತದೆ, ನಾನ್ಯಾಕೆ ಕೊಡಲಿ ಅನ್ನುವವನು. ಕೊನೆಗೆ ಅವರೇ ಸರ್ಕಾರದ ಹತ್ತಿರ ಹೋಗಿ, ಬೀದಿಯ ಹೆಚ್ಚು ಜನ ಒಪ್ಪಿದರೆ ಎಲ್ಲರೂ ಕೊಡಲೇಬೇಕು ಅಂತ ಕಾನೂನು ಮಾಡಿಸಿಕೊಂಡರು. 1970ರಲ್ಲಿ ಶುರುವಾದ ಆ ವಲಯವೇ ಜಗತ್ತಿನಲ್ಲಿ ಈ ಬಗೆಯ ಮೊದಲನೆಯದು ಅನ್ನುತ್ತಾರೆ. ವಸೂಲು ಮಾಡುವುದು ನಗರಾಡಳಿತ, ಖರ್ಚು ತೀರ್ಮಾನಿಸುವುದು ಬೀದಿಯವರು. ಈ ಒಂದು ಗಂಟಿನಲ್ಲೇ ಎಲ್ಲವೂ ಇದೆ. ತೆರಿಗೆ ವಸೂಲಿಯ ಶಕ್ತಿ ಸರ್ಕಾರದ್ದು, ತೂಬು ಎತ್ತುವ ಕೈ ಅಚ್ಚುಕಟ್ಟಿನವರದ್ದು.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಪಕ್ಕದಲ್ಲೇ ಇದರ ಸೋದರಸಂಬಂಧಿ ಒಂದು ನಡೆದು ಹೋಗಿದೆ. ಅದನ್ನು ಕೇಳಿದರೆ ಎದೆ ಸ್ವಲ್ಪ ಝಲ್ಲೆನ್ನುತ್ತದೆ. ಬೆಂಗಳೂರಿನ ಸುತ್ತ ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿನಗರ, ಯಲಹಂಕ ಅಂತ ಏಳು ನಗರಸಭೆ, ಕೆಂಗೇರಿ ಪುರಸಭೆ ಒಂದು, ಒಟ್ಟು ಎಂಟು ಇದ್ದವು. ಅಲ್ಲಿನವರಿಗೆ ಕಾವೇರಿ ನೀರು ಕೊಡುವ ಯೋಜನೆಗೆ 2005ರಲ್ಲಿ ಎಂಟೂ ಊರಿನ ಹೆಸರಲ್ಲಿ ಒಟ್ಟಾಗಿ 100 ಕೋಟಿ ರೂಪಾಯಿ ಬಾಂಡ್ ಎತ್ತಿದರು. ಅದರ ಜೊತೆಗೆ, ನೀರು ಬೇಕಾದ ಮನೆಯವರು ಮುಂಗಡವಾಗಿ ಸಾವಿರಾರು ರೂಪಾಯಿ ವಂತಿಗೆ ಕಟ್ಟಬೇಕು ಅಂದರು. ಫಲಾನುಭವಿಯೇ ಬಂಡವಾಳ ಹಾಕಲಿ ಎಂಬ ಸಿದ್ಧಾಂತ. ಜನ ಕಟ್ಟಿದರು. ರಸ್ತೆ ಅಗೆದು ಕೊಳವೆ ಹಾಕಿದರು. ನೀರು? ಅದು ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ ಮುಗಿಯುವ ತನಕ, ಅಂದರೆ 2012ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ದುಡ್ಡು ಇಸಕೊಂಡ ನಗರಸಭೆಗಳೇ ಇರಲಿಲ್ಲ. 2007ರಲ್ಲಿ ಎಂಟನ್ನೂ ಬಿಬಿಎಂಪಿಗೆ ಸೇರಿಸಿದ್ದರು. ಕೇಳೋಣ ಅಂದರೆ 2025ರಲ್ಲಿ ಬಿಬಿಎಂಪಿಯನ್ನೂ ಒಡೆದು ಐದು ಪಾಲಿಕೆ ಮಾಡಿದ್ದಾರೆ. ಸಾಲ ಕೊಟ್ಟವನಿಗೆ ಸಾಲಗಾರನ ಮನೆ ವಿಳಾಸವೇ ಎರಡು ಸಲ ಬದಲಾದ ಹಾಗೆ.

ಆ ಯೋಜನೆ ಪೂರಾ ಕೆಟ್ಟದ್ದು ಅಂತ ನಮ್ಮ ವಾದವಲ್ಲ. ಎಂಟು ಸಣ್ಣ ಊರುಗಳು ಒಬ್ಬೊಬ್ಬರೇ ಹೋಗಿದ್ದರೆ ಮಾರುಕಟ್ಟೆಯಲ್ಲಿ ಬಿಡಿಗಾಸೂ ಹುಟ್ಟುತ್ತಿರಲಿಲ್ಲ, ಕೂಡಿ ಹೋದದ್ದರಿಂದ ಹುಟ್ಟಿತು. ಅದು ಜಾಣತನ. ಆದರೆ ದುಡ್ಡು ಮೊದಲು, ಕೆಲಸ ಆಮೇಲೆ, ತಾರೀಖು ಯಾವಾಗಲೋ ಎಂಬ ಏರ್ಪಾಡಿನಲ್ಲಿ ಕೊಟ್ಟವನ ಕೈಗೆ ಹಿಡಿಯಲು ಹಗ್ಗವೇ ಇರುವುದಿಲ್ಲ.

ಹಗ್ಗ ಬೇಕು ಅಂದರೆ ಕಾನೂನಿನ ಒಂದು ಮಾತು ಕೇಳಿ. ತೆರಿಗೆ ಬೇರೆ, ಶುಲ್ಕ ಬೇರೆ. ಇದನ್ನು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು 1954ರಲ್ಲಿ. ಆ ಮೊಕದ್ದಮೆ ನಮ್ಮ ಉಡುಪಿಯ ಶೀರೂರು ಮಠದ್ದು. ಆಗಿನ ಮದರಾಸು ಸರ್ಕಾರ ಮಠದಿಂದ ವಂತಿಗೆ ಕೇಳಿತ್ತು, ಸ್ವಾಮಿಗಳು ಕೋರ್ಟಿಗೆ ಹೋದರು. ತೆರಿಗೆ ಕೊಟ್ಟವನು ನನಗೇನು ಕೊಟ್ಟೆ ಅಂತ ಕೇಳುವ ಹಾಗಿಲ್ಲ, ಶುಲ್ಕ ಕೊಟ್ಟವನು ಕೇಳಬಹುದು, ಅಂತ ಸ್ಥೂಲವಾಗಿ ಅದರ ತಾತ್ಪರ್ಯ. 1979ರಲ್ಲಿ ಪಂಜಾಬಿನ ಮಾರುಕಟ್ಟೆ ಶುಲ್ಕದ ಮೊಕದ್ದಮೆಯಲ್ಲಿ ಅದೇ ಕೋರ್ಟು ಇನ್ನೂ ಒಂದು ಹೆಜ್ಜೆ ಹೋಗಿ, ಮಂಡಿಯಲ್ಲಿ ಎತ್ತಿದ ಶುಲ್ಕದ ಬಹುಪಾಲು ಕೊಟ್ಟವರ ಸೇವೆಗೇ ಹೋಗಬೇಕು ಅಂದಿತು. ಮುಂದಿನ ತೀರ್ಪುಗಳು ಈ ಗಂಟನ್ನು ಸಡಿಲ ಮಾಡಿದವು, ಕಾಸಿಗೆ ಕಾಸು ತಾಳೆ ಹಾಕಬೇಕಿಲ್ಲ ಅಂದವು. ಆದರೂ ಬುಡ ಹಾಗೇ ಇದೆ. ಬೀದಿಯವರಿಂದ ಎತ್ತುವ ಹಣ 'ತೆರಿಗೆ' ಅಂತ ಆಗದೆ 'ಶುಲ್ಕ' ಅಂತ ಆದರೆ, ಲೆಕ್ಕ ಕೇಳುವ ಹಕ್ಕು ಅದರ ಬೆನ್ನಿಗೇ ಬರುತ್ತದೆ.

ಮಂಡಿ ಅಂದದ್ದಕ್ಕೆ ನೆನಪಾಯಿತು. ಈ ಜಿಲ್ಲೆಯಲ್ಲಿ ಅಂಥ ವಲಯ ಆಗಲೇ ಒಂದು ಇದೆ, ನಾವು ಅದನ್ನು ಆ ಹೆಸರಲ್ಲಿ ಕರೆಯುತ್ತಿಲ್ಲ ಅಷ್ಟೆ. ಎಪಿಎಂಸಿ ಯಾರ್ಡು. ಕಾಂಪೌಂಡು ಅಂತ ಗೆರೆ ಇದೆ, ಒಳಗಿನ ವ್ಯಾಪಾರಕ್ಕೆ ಶುಲ್ಕ ಇದೆ, ಸಮಿತಿ ಇದೆ, 1966ರ ಕಾಯ್ದೆ ಪ್ರಕಾರ ಮಾರುಕಟ್ಟೆ ನಿಧಿ ಇದೆ. ಕೋಲಾರದ ಟೊಮ್ಯಾಟೊ ಮಾರುಕಟ್ಟೆ ಏಷ್ಯಾದ ದೊಡ್ಡ ಮಾರುಕಟ್ಟೆಗಳಲ್ಲೊಂದು ಅಂತ ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ದೇಶವೇ ನಮ್ಮ ಯಾರ್ಡಿನ ಕಡೆ ತಿರುಗಿ ನೋಡಿತು. ಅದೇ ಯಾರ್ಡಿನಲ್ಲಿ ಸೀಸನ್ನಿನಲ್ಲಿ ಲಾರಿ ತಿರುಗಿಸಲು ಜಾಗವಿಲ್ಲ, ಬಾಕ್ಸು ಹೆದ್ದಾರಿ ಅಂಚಿಗೆ ಬರುತ್ತದೆ, ದೊಡ್ಡ ಜಾಗ ಕೊಡಿ ಎಂಬ ಕೂಗು ವರ್ಷಗಳಿಂದ ಕೂಗಾಗಿಯೇ ಇದೆ. ದುಡ್ಡು ಹುಟ್ಟುವ ಜಾಗದಲ್ಲೇ ದುಡ್ಡಿಗೆ ಬಾಯಿ ಇಲ್ಲ. ಮೇಲಿಂದ 2020ರಲ್ಲಿ ಕಾಯ್ದೆ ತಿದ್ದಿ ಯಾರ್ಡಿನ ಹೊರಗಿನ ವ್ಯಾಪಾರ ಬಿಡುಗಡೆ ಮಾಡಿದರು, ಒಂದೂವರೆ ರೂಪಾಯಿ ಇದ್ದ ಮಾರುಕಟ್ಟೆ ಶುಲ್ಕವನ್ನು 35 ಪೈಸೆಗೆ ಇಳಿಸಿದರು, ಸಮಿತಿಗಳು ಸಂಬಳಕ್ಕೇ ತಿಣುಕಾಡಿದ ಮೇಲೆ ವರ್ಷದೊಳಗೇ ಮತ್ತೆ ಏರಿಸಿದರು. ವಲಯ ಸ್ಥಳೀಯದ್ದು, ದರ ಬೆಂಗಳೂರಿನದ್ದು. ಇಂಥ ವಲಯ ನಮ್ಮ ಬೀದಿಗೆ ಬೇಡ.

ಹಾಗಾದರೆ ಎಂಥದ್ದು ಬೇಕು? ಎಲೆಕ್ಟ್ರಾನಿಕ್ ಸಿಟಿಯ ಕಡೆ ಬೊಟ್ಟು ಮಾಡುವವರಿದ್ದಾರೆ. ಅಲ್ಲಿ 2013ರಲ್ಲಿ ಕೈಗಾರಿಕಾ ಟೌನ್‌ಷಿಪ್ ಪ್ರಾಧಿಕಾರ ಅಂತ ಮಾಡಿ, ಆ ಪ್ರದೇಶದ ಆಸ್ತಿ ತೆರಿಗೆಯನ್ನು ಪ್ರಾಧಿಕಾರವೇ ವಸೂಲು ಮಾಡಿ ನೂರಕ್ಕೆ 70 ಅಲ್ಲೇ ಖರ್ಚು ಮಾಡುವುದು, 30 ಮಾತ್ರ ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೆ ಕೊಡುವುದು ಅಂತ ಏರ್ಪಾಡಾಯಿತು. ರಸ್ತೆ, ದೀಪ, ಕಾಲುದಾರಿ ಚೆನ್ನಾದವು, ಸುಳ್ಳಲ್ಲ. ಆದರೆ ಅದರ ಆಡಳಿತದಲ್ಲಿ ಕಂಪನಿಯವರದ್ದೇ ಮೇಲುಗೈ. ಗೇಟಿನಾಚೆಯ ಹಳ್ಳಿಯಲ್ಲಿ ಬಾಡಿಗೆ ರೂಮಿನಲ್ಲಿರುವ ಕೆಲಸಗಾರನಿಗೆ ಅಲ್ಲಿ ಓಟಿಲ್ಲ.

ಇದು ನಮಗೆ ಸಂಬಂಧಿಸಿದ ಮಾತು, ಯಾಕೆಂದರೆ ಮಾಲೂರು, ನರಸಾಪುರ, ವೇಮಗಲ್ ಕಡೆ ದೊಡ್ಡ ಕಾರ್ಖಾನೆಗಳು ಎದ್ದಿವೆ. ಹೋಂಡಾ ಬೈಕು, ಸ್ಕೂಟರು 2013ರಿಂದ ನರಸಾಪುರದಲ್ಲಿ ತಯಾರಾಗುತ್ತಿವೆ. ಐಫೋನು ಜೋಡಿಸುವ ಕಾರ್ಖಾನೆ ವಿಸ್ಟ್ರಾನ್ ಕೈಲಿದ್ದದ್ದು 2023ರಲ್ಲಿ ಟಾಟಾದವರ ಕೈಗೆ ಬಂತು. ಪಾಳಿ ಮುಗಿದಾಗ ಬಸ್ಸು, ಟೆಂಪೋ, ವ್ಯಾನು ಸಾಲುಸಾಲಾಗಿ ಹೊರಡುತ್ತವೆ. ಆ ಹೆಣ್ಣುಮಕ್ಕಳು ಇಳಿಯುವುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರಸ್ತೆಗಳಲ್ಲೇ, ಕತ್ತಲಲ್ಲಿ ನಡೆಯುವುದು ನಮ್ಮ ಮೋರಿಗಳ ಪಕ್ಕದಲ್ಲೇ. ಮುಂದೆ ಯಾರಾದರೂ ನರಸಾಪುರವನ್ನು ಟೌನ್‌ಷಿಪ್ ಮಾಡಿ ಅಂತ ಹೊರಟರೆ ನಮ್ಮ ಜನಪ್ರತಿನಿಧಿಗಳು ಮೊದಲು ಕೇಳಬೇಕಾದ್ದು, ಆ 30ರ ಪಾಲು ಎಷ್ಟಾಗುತ್ತದೆ, ಅದರಲ್ಲಿ ಕೆಲಸಗಾರ ಇಳಿಯುವ ಊರಿಗೆ ಏನಾದರೂ ಉಂಟೇ ಅಂತ.

ಒಬ್ಬನೇ ದಣಿ ಇರುವ ವಲಯ ಹೇಗೆ ಮುಗಿಯುತ್ತದೆ ಎಂಬುದನ್ನು ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. ಕೆ.ಜಿ.ಎಫ್.ಗೆ ಗಣಿ ಕಂಪನಿಗಳ ಕಾಲದಲ್ಲಿ ಸ್ಯಾನಿಟರಿ ಬೋರ್ಡ್ ಅಂತ ಪ್ರತ್ಯೇಕ ಆಡಳಿತವೇ ಇತ್ತು. ಬೆಂಗಳೂರಿಗಿಂತ ಮುಂಚೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದದ್ದು ಗಣಿಗಾಗಿ. ನೀರು, ಆಸ್ಪತ್ರೆ, ಕ್ವಾರ್ಟರ್ಸು ಎಲ್ಲವೂ ಗಣಿಯ ನೆರಳಿನಲ್ಲಿ. 2001ರ ಫೆಬ್ರವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ದಣಿ ಎದ್ದು ಹೋದ, ಕಾಲೋನಿಗಳಲ್ಲಿ ನಲ್ಲಿ ಒಣಗಿತು, ಜನ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಗೆ ಕೂಲಿಗೆ ಹೊರಟರು. ಇವತ್ತಿಗೂ ಹೊರಡುತ್ತಿದ್ದಾರೆ. ಹಾಗಾಗಿ ಪೇಟೆಯ ಇನ್ನೂರು ಸಣ್ಣ ಅಂಗಡಿ ಕೊಡುವ ಹತ್ತು ಹತ್ತು ರೂಪಾಯಿ, ಒಂದು ದೊಡ್ಡ ಕಂಪನಿ ಕೊಡುವ ಲಕ್ಷಕ್ಕಿಂತ ಭದ್ರ ಅಂತ ನಮಗನ್ನಿಸುತ್ತದೆ. ಇನ್ನೂರು ಅಂಗಡಿ ಒಂದೇ ದಿನ ಬಾಗಿಲು ಹಾಕುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಬೀದಿಯಲ್ಲಿ 200 ಅಂಗಡಿ, ದಿನಕ್ಕೆ 10 ರೂಪಾಯಿ, ಅಂದರೆ ಒಂದು ಟೀ ದುಡ್ಡು. ದಿನಕ್ಕೆ 2,000. ವರ್ಷಕ್ಕೆ 7 ಲಕ್ಷ 30 ಸಾವಿರ. ಐದು ವರ್ಷಕ್ಕೆ 36 ಲಕ್ಷ 50 ಸಾವಿರ. ಇದರಲ್ಲಿ ಊರು ಉದ್ಧಾರ ಆಗುವುದಿಲ್ಲ. ಒಂದು ಬೀದಿಗೆ ಸಮನಾದ ಮೋರಿ ಮುಚ್ಚಳ, ದೀಪದ ನಿಗಾ, ಹೆಂಗಸರು ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಒಂದು ಶೌಚಾಲಯ, ಅದನ್ನು ತೊಳೆಯುವವರಿಗೆ ತಿಂಗಳು ತಿಂಗಳು ಸಂಬಳ, ಇಷ್ಟಕ್ಕೆ ಕೈ ಹಾಕಬಹುದು. ಇದರಲ್ಲಿ ಕೊನೆಯದೇ ಮುಖ್ಯ. ಅನುದಾನ ಕಟ್ಟಡ ಕಟ್ಟುತ್ತದೆ, ತೊಳೆಯುವುದಿಲ್ಲ. ಉದ್ಘಾಟನೆಯ ಕಲ್ಲು ಹೊಳೆಯುತ್ತಿದ್ದು ಬಾಗಿಲಿಗೆ ಬೀಗ ಬಿದ್ದಿರುವ ಶೌಚಾಲಯ ಯಾವ ಊರಲ್ಲಿಲ್ಲ?

ಇದಕ್ಕಿಂತ ದೊಡ್ಡದಕ್ಕೆ ಬೀದಿಯ ವಂತಿಗೆ ಕೇಳುವುದು ಅನ್ಯಾಯ. ಕೋಲಾರ, ಮಾಲೂರು, ಬಂಗಾರಪೇಟೆಗೆ ಕುಡಿಯುವ ನೀರು ಕೊಡುವ ಯರಗೋಳ್ ಅಣೆಕಟ್ಟು ಹದಿನೈದು ವರ್ಷಕ್ಕೂ ಮೀರಿ ಎಳೆದು 2023ರ ನವೆಂಬರಿನಲ್ಲಿ ಉದ್ಘಾಟನೆ ಕಂಡಿತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರು ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ 2018ರಲ್ಲಿ ಬಂತು, ಮೂರನೇ ಹಂತದ ಶುದ್ಧೀಕರಣದ ಬೇಡಿಕೆ ಇನ್ನೂ ಬೇಡಿಕೆಯೇ. ಅವೆಲ್ಲ ಸರ್ಕಾರದ ಕರ್ತವ್ಯ. ಬೀದಿಯವರು ಶುಲ್ಕ ಕೊಡುತ್ತಾರೆ ಅಂತ ಗೊತ್ತಾದ ಕೂಡಲೇ ಸರ್ಕಾರ ತನ್ನ ಅನುದಾನ ಹಿಂದಕ್ಕೆ ಎಳೆದುಕೊಳ್ಳುವ ಅಪಾಯ ಇದ್ದೇ ಇದೆ. ಆದ್ದರಿಂದ ಈ ದುಡ್ಡು ಅನುದಾನದ ಮೇಲೆ, ಅದರ ಬದಲಿಗೆ ಅಲ್ಲ, ಎಂಬುದು ಕಾಗದದಲ್ಲೇ ಇರಬೇಕು.

ಇನ್ನು ಕೊಡುವವರು ಯಾರು? ಇಲ್ಲೇ ಜಗಳ. ಪೇಟೆಯ ಅಂಗಡಿಯವರಲ್ಲಿ ಬಹಳ ಜನ ಬಾಡಿಗೆದಾರರು. ಬೀದಿ ಚೆನ್ನಾದರೆ ಕಟ್ಟಡದ ಬೆಲೆ ಏರುವುದು ಮಾಲೀಕರಿಗೆ. ಬಾಡಿಗೆದಾರ ಐದು ವರ್ಷ ಶುಲ್ಕ ಕೊಟ್ಟು ಬೀದಿ ಚೆನ್ನಾಗಿ ಮಾಡಿ, ಚೆನ್ನಾದ ಬೀದಿಗೆ ಹೆಚ್ಚು ಬಾಡಿಗೆ ಕೇಳಿಸಿಕೊಂಡು ಅಂಗಡಿ ಖಾಲಿ ಮಾಡುವಂತಾದರೆ ಅದು ಯಾವ ನ್ಯಾಯ? ಶುಲ್ಕ ಕಟ್ಟಡದ ಮೇಲೆ ಬೀಳಬೇಕು, ಮಾಲೀಕರು ಕಟ್ಟಬೇಕು, ಸಮಿತಿಯಲ್ಲಿ ಮಾತ್ರ ಇಬ್ಬರೂ ಕೂರಬೇಕು. ಮಾಲೀಕರು ಹೇಗಾದರೂ ಬಾಡಿಗೆಗೆ ಸೇರಿಸುತ್ತಾರೆ ಅನ್ನುತ್ತೀರಿ. ಸೇರಿಸುತ್ತಾರೆ. ಆದರೆ ಕರಾರು ಮುಗಿಯುವ ತನಕ ಕಾಯಬೇಕಾಗುತ್ತದೆ, ಅಷ್ಟು ಉಸಿರಾಡಲು ಸಮಯ ಸಿಗುತ್ತದೆ.

ತಳ್ಳುಗಾಡಿಯವರಿಂದ ಇದಕ್ಕೆ ಒಂದು ರೂಪಾಯಿಯನ್ನೂ ಕೇಳಬಾರದು. ಅವರು ದಿನಾ ಸುಂಕ ಕೊಡುತ್ತಲೇ ಇದ್ದಾರೆ, ಹರಾಜು ಹಿಡಿದವರ ಹುಡುಗ ಬೆಳಿಗ್ಗೆ ಬಂದು ಚೀಟಿ ಹರಿಯುತ್ತಾನೆ. ಪರದೇಶದ ಇಂಥ ವಲಯಗಳ ಮೇಲಿರುವ ದೊಡ್ಡ ದೂರೇ ಇದು. ಬೀದಿ ಚೆಂದ ಮಾಡುವ ಹೆಸರಲ್ಲಿ ಬಡ ವ್ಯಾಪಾರಿಯನ್ನು ಎಬ್ಬಿಸುವುದು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಿಂದ ಇಬ್ಬರನ್ನು ಬೀದಿ ಸಮಿತಿಗೆ ಕರೆಯಲಿ.

ಬಸ್ಸಿನ ಪ್ರಯಾಣಿಕರ ವಿಚಾರ. ಮುಳಬಾಗಿಲಿನಲ್ಲಿ ತಿರುಪತಿ ಕಡೆಯ ಬಸ್ಸು ಇಳಿದು ದೋಸೆ ತಿಂದು ಹೋಗುವವರು ಆ ಊರಿಗೆ ತೆರಿಗೆ ಕಟ್ಟುವುದಿಲ್ಲ, ಸರಿ. ಆದರೆ ದೋಸೆ ದುಡ್ಡು ಕೊಟ್ಟಿದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಪೇಟೆಗೆ ಬರುವ ಹೆಣ್ಣುಮಕ್ಕಳು ಹೆಚ್ಚಾಗಿದ್ದಾರೆ, ಬಟ್ಟೆ ಅಂಗಡಿಯವರಿಗೆ ಅದು ಚೆನ್ನಾಗಿ ಗೊತ್ತು. ಅವರಿಗೆ ನಿಲ್ಲಲು ನೆರಳು, ಹೋಗಲು ಶೌಚಾಲಯ ಇದ್ದರೆ ಇನ್ನರ್ಧ ಗಂಟೆ ಪೇಟೆಯಲ್ಲಿ ಇರುತ್ತಾರೆ. ಮಾಲೂರಿನಲ್ಲಿ ಬೆಳಗಿನ ರೈಲು ಹಿಡಿಯುವವರು ಸ್ಟೇಷನ್ ರಸ್ತೆಯಲ್ಲಿ ಓಡುತ್ತಾರೆ, ನಿಲ್ದಾಣ ರೈಲ್ವೆಯದ್ದು, ರಸ್ತೆ ಊರಿನದ್ದು, ಹಳ್ಳ ಯಾರದ್ದೂ ಅಲ್ಲ. ಇಂಥ ಕಡೆ ಸಮಿತಿಯಲ್ಲಿ ಪ್ರಯಾಣಿಕರ ಪರವಾಗಿ ಒಬ್ಬರಿಗೆ ಕುರ್ಚಿ ಬೇಕು. ದುಡ್ಡು ಕೊಡದವರಿಗೆ ಯಾಕೆ ಕುರ್ಚಿ ಅನ್ನುವ ವರ್ತಕರು, ಗಿರಾಕಿಯೇ ಬಾರದ ಬೀದಿಯಲ್ಲಿ ಒಂದು ವಾರ ಅಂಗಡಿ ತೆರೆದು ನೋಡಲಿ.

ಶ್ರೀನಿವಾಸಪುರದ ಲೆಕ್ಕವೇ ಬೇರೆ. ಅಲ್ಲಿ ವರ್ಷದ ವ್ಯಾಪಾರವೆಲ್ಲ ಮಾವಿನ ಎರಡು ಮೂರು ತಿಂಗಳಲ್ಲಿ. ಆಗ ಲಾರಿ, ಕ್ರೇಟು, ಕೂಲಿಯವರು, ಕೊಳೆತ ಹಣ್ಣು, ನೊಣ. ಮಿಕ್ಕ ಕಾಲ ರಸ್ತೆ ನಿದ್ದೆ ಮಾಡುತ್ತದೆ. ಅಲ್ಲಿ ತಿಂಗಳ ಶುಲ್ಕ ಕೂಡದು, ಸೀಸನ್ ಶುಲ್ಕವೇ ಸರಿ. ಮಂಡಿಗಿಷ್ಟು ಅಂತ ಸುಗ್ಗಿಯಲ್ಲೇ ಎತ್ತಿ ಸುಗ್ಗಿಯಲ್ಲೇ ಕಸ ಎತ್ತಿಸಬೇಕು. ಜೇಬಲ್ಲಿ ದುಡ್ಡಿರುವಾಗ ಕೇಳಿದರೆ ಮುಖ ಸಿಂಡರಿಸುವವರು ಕಡಿಮೆ.

ಇದನ್ನೆಲ್ಲ ನಗರಸಭೆ ತಾನೇ ಒಂದು ಠರಾವು ಮಾಡಿ ಜಾರಿಗೆ ತರಬಹುದೇ? ಬರುವುದಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಪೌರಸಂಸ್ಥೆಗಳಿಗೆ ಮಾನ ಕೊಟ್ಟಿತು, ಹಣ ಎತ್ತುವ ಅಧಿಕಾರ ಮಾತ್ರ ರಾಜ್ಯದ ಶಾಸನ ಕೊಟ್ಟಷ್ಟೇ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಲ್ಲಿ ಹೇಳಿದ ತೆರಿಗೆಗಳ ಆಚೆ ಕೈ ಚಾಚುವಂತಿಲ್ಲ. ಹೊಸ ಬಡಾವಣೆಯವರಿಂದ ಬೆಟರ್‌ಮೆಂಟ್ ಅಂತ ವಸೂಲು ಮಾಡುವ ಪದ್ಧತಿ ಇದೆ, ಆದರೆ ಹಳೇ ಪೇಟೆಗೆ, ಅದೂ ಪ್ರತ್ಯೇಕ ಖಾತೆಯಲ್ಲಿ, ಬೀದಿಯವರ ಸಮಿತಿಯ ಕೈಗೆ ಎಂಬ ಏರ್ಪಾಡಿಗೆ ವಿಧಾನಸೌಧದಲ್ಲಿ ತಿದ್ದುಪಡಿ ಆಗಬೇಕು. ನಾಲ್ಕು ಕ್ಷೇತ್ರದ ನಾಲ್ಕು ಶಾಸಕರಿದ್ದಾರೆ. ನಾಲ್ವರೂ ಒಂದೇ ಮಾತಾಡಿದ್ದನ್ನು ನೋಡುವ ಭಾಗ್ಯ ಜಿಲ್ಲೆಗೆ ಅಪರೂಪ, ಅದಿರಲಿ. ತಿದ್ದುಪಡಿ ತರುವುದಾದರೆ ಅದರಲ್ಲಿ ಬರೆಯಬೇಕಾದ್ದು ದೊಡ್ಡದೇನಲ್ಲ. ಬೀದಿಯ ಮೂರರಲ್ಲಿ ಎರಡು ಪಾಲು ಜನ ಸಹಿ ಹಾಕದೆ ಶುರು ಮಾಡುವಂತಿಲ್ಲ. ಬ್ಯಾಂಕಿನಲ್ಲಿ ಖಾತೆ ಬೇರೆ. ಐದು ವರ್ಷಕ್ಕೆ ತಾನಾಗಿ ನಿಂತುಹೋಗಬೇಕು, ಮುಂದುವರಿಸಲು ಮತ್ತೆ ಸಹಿ. ತಿಂಗಳ ಜಮಾ ಖರ್ಚು ಬೀದಿಯ ತುದಿಯಲ್ಲಿ ಬೋರ್ಡಿನ ಮೇಲೆ, ಕನ್ನಡದಲ್ಲಿ, ನಡೆದು ಹೋಗುವವನು ನಿಂತು ಓದುವಷ್ಟು ದೊಡ್ಡ ಅಕ್ಷರದಲ್ಲಿ.

ಅಲ್ಲಿಯ ತನಕ ಕೈಕಟ್ಟಿ ಕೂರುವುದೂ ಬೇಡ. ಪೌರಸಂಸ್ಥೆಗಳು ಪ್ರತಿ ವರ್ಷ ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಹೋಗುವವರು ಹತ್ತು ಜನ, ಅದರಲ್ಲಿ ಆರು ಜನ ಫೋಟೋಕ್ಕೆ. ಈ ಸಲ ವರ್ತಕರು ಹೋಗಿ ಒಂದೇ ಪ್ರಶ್ನೆ ಕೇಳಿ. ನಮ್ಮ ಬೀದಿಯಿಂದ ಕಳೆದ ಮೂರು ವರ್ಷದಲ್ಲಿ ವಸೂಲಾದ ಆಸ್ತಿ ತೆರಿಗೆ ಎಷ್ಟು, ಅದೇ ಮೂರು ವರ್ಷದಲ್ಲಿ ನಮ್ಮ ಬೀದಿಗೆ ಖರ್ಚಾದದ್ದು ಎಷ್ಟು? ಬಾಯಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು. ಈ ಪ್ರಶ್ನೆಗೆ ಮೂವತ್ತು ಪದ ಸಾಕು.